ಮಂಡ್ಯದ ಆಲೆಮನೆ ಬೆಲ್ಲ: ಬಣ್ಣ ಬೇರೆ, ಗುಣ ಬೇರೆ

ನಿಂಬೆಹಣ್ಣಿನ ಬಣ್ಣದ ಬೆಲ್ಲ ಬೇಡ. ಮಂಡ್ಯ, ಮದ್ದೂರು, ಪಾಂಡವಪುರದ ಆಲೆಮನೆಗಳಲ್ಲಾಗಲಿ, ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಾಗಲಿ ಬೆಲ್ಲ ಕೊಳ್ಳುವವರಿಗೆ ಮೊದಲು ಹೇಳಬೇಕಾದ ಮಾತು ಇದು. ಕಂದು ಬಣ್ಣದ ಅಚ್ಚು, ಉಂಡೆ ಅಥವಾ ಬಕೆಟ್ ಬೆಲ್ಲ ಕೇಳಿ. ಹಾಗಂತ ಕಪ್ಪಗಿರುವುದೆಲ್ಲ ಶುದ್ಧ ಎಂದೂ ನಂಬಬೇಡಿ. ಸೀದ ಪಾಕವೂ ಕಪ್ಪು, ಸುಣ್ಣ ಹೆಚ್ಚಾದ ಪಾಕವೂ ಕಪ್ಪು.

ಕನ್ನಡದಲ್ಲಿ ‘ಗುಣ’ ಎಂಬ ಒಂದೇ ಮಾತು ಬೆಲ್ಲಕ್ಕೂ ಸಲ್ಲುತ್ತದೆ, ಮನುಷ್ಯನಿಗೂ ಸಲ್ಲುತ್ತದೆ. ‘ಬೆಲ್ಲದ ಗುಣ ಚೆನ್ನಾಗಿದೆ’ ಅನ್ನುತ್ತೇವೆ, ‘ಹುಡುಗ ಗುಣವಂತ’ ಅನ್ನುತ್ತೇವೆ, ಜ್ವರ ಬಿಟ್ಟವರನ್ನು ‘ಗುಣ ಆಯ್ತಾ?’ ಎಂದು ಕೇಳುತ್ತೇವೆ. ಗ್ರೀಕರ ‘ಅರೆಟೆ’ಯೂ ಹೀಗೇ ಎರಡೂ ಕಡೆ ನಡೆಯುವ ಪದ. ಚೆನ್ನಾಗಿ ನೋಡುವುದು ಕಣ್ಣಿನ ಅರೆಟೆ, ಚೆನ್ನಾಗಿ ಓಡುವುದು ಕುದುರೆಯ ಅರೆಟೆ ಎಂದು ಅರಿಸ್ಟಾಟಲ್ ಹೇಳುತ್ತಾನೆ. ಅದಕ್ಕೇ ಬೆಲ್ಲದ ವಿಮರ್ಶೆ ಬೆಲ್ಲ ಬೇಯಿಸಿದವರ ವಿಮರ್ಶೆಯೂ ಆಗಿಬಿಡುತ್ತದೆ. ಕೊಪ್ಪರಿಗೆಯ ಮುಂದೆ ನಡೆಯುವುದು ಕೊಳ್ಳುವವರ ಕಣ್ಣಿಗೆ ಬೀಳುವುದಿಲ್ಲ.

ಒಳ್ಳೆಯ ಬೆಲ್ಲ ಶುರುವಾಗುವುದು ಹೊಲದಲ್ಲಿ. ಹತ್ತು–ಹನ್ನೆರಡು ತಿಂಗಳು ಮಾಗಿದ ಕಬ್ಬು ಬೇಕು. ಕಡಿದ ಮೇಲೆ ಒಂದು ದಿನದೊಳಗೆ ಗಾಣಕ್ಕೆ ಕೊಡಬೇಕು. ಬಿಸಿಲಲ್ಲಿ ಎರಡು ಮೂರು ದಿನ ಬಿದ್ದರೆ ಒಳಗಿನ ಸಕ್ಕರೆ ಒಡೆಯುತ್ತದೆ, ಅಂಥ ಕಬ್ಬಿನ ಹಾಲು, ಅಂದರೆ ರಸ, ಎಷ್ಟು ಬೇಯಿಸಿದರೂ ಗಟ್ಟಿಯಾಗಿ ಅಚ್ಚು ಕೂರುವುದಿಲ್ಲ. ಒಂದು ಟನ್ ಕಬ್ಬಿಗೆ ಸುಮಾರು 100 ಕಿಲೋ ಬೆಲ್ಲ ಲೆಕ್ಕ. ಯಾರಾದರೂ ಇದಕ್ಕಿಂತ ಬಹಳ ಹೆಚ್ಚು ಹೇಳಿದರೆ ಕೊಪ್ಪರಿಗೆಗೆ ಕಬ್ಬಿನ ಹಾಲಿನ ಜೊತೆ ಬೇರೆ ಏನೋ ಬಿದ್ದಿದೆ.

ಹಾಲು ಸ್ವಲ್ಪ ಹುಳಿ ಇರುತ್ತದೆ. ಅದನ್ನು ತಗ್ಗಿಸಲು ಸುಣ್ಣದ ತಿಳಿ ಹಾಕುತ್ತಾರೆ. ಸುಣ್ಣ ಸಾಲದಿದ್ದರೆ ಬೆಲ್ಲ ಮೆತ್ತಗಾಗಿ ಬೆವರುತ್ತದೆ. ಜಾಸ್ತಿಯಾದರೆ ಬಣ್ಣ ಕಪ್ಪಿಟ್ಟು ನಾಲಿಗೆಗೆ ಒಗರು ಹತ್ತುತ್ತದೆ. ಆಮೇಲೆ ಬೆಂಡೆ ಗಿಡದ ಕಾಂಡ ಜಜ್ಜಿ ನೀರಲ್ಲಿ ನೆನೆಸಿ ತೆಗೆದ ಲೋಳೆ. ಹಾಲು ಕುದಿ ಹಿಡಿಯುವ ಮೊದಲೇ ಲೋಳೆ ಬೀಳಬೇಕು, ಮೇಲೆ ಕಟ್ಟುವ ಮಡ್ಡಿಯನ್ನು ಜಾಲರಿ ಸೌಟಿನಿಂದ ಎತ್ತಬೇಕು. ಇಲ್ಲಿ ಅವಸರ ಮಾಡಿದರೆ ಮಡ್ಡಿ ಒಡೆದು ಒಳಗೇ ಕದಡಿಹೋಗುತ್ತದೆ, ಮತ್ತೆ ತೆಗೆಯಲು ಬರುವುದಿಲ್ಲ. ಹಾಲು ಉಕ್ಕದಿರಲಿ ಎಂದು ಚೂರು ಹರಳೆಣ್ಣೆ ಅಥವಾ ಕಡಲೆಕಾಯಿ ಎಣ್ಣೆ. ಕೊನೆಗೆ ಪಾಕ. ಥರ್ಮಾಮೀಟರ್ ಇಟ್ಟರೆ 118 ಡಿಗ್ರಿ ಸೆಲ್ಸಿಯಸ್ ಆಸುಪಾಸು; ಇಲ್ಲದಿದ್ದರೆ ತಣ್ಣೀರಿಗೆ ಒಂದು ತೊಟ್ಟು ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುವುದು. ಒಂದು ನಿಮಿಷ ಮುಂಚೆ ಇಳಿಸಿದರೆ ಮುದ್ದೆ, ಒಂದು ನಿಮಿಷ ತಡವಾದರೆ ಸೀದ ಕಹಿ.

ಇದಕ್ಕೆ ನಮ್ಮ ಮಾತು ‘ಹದ’. ಸದ್ಗುಣವೆಂದರೆ ಹೆಚ್ಚಿಗೂ ಕಡಿಮೆಗೂ ನಡುವಿನದು ಎಂದು ಅರಿಸ್ಟಾಟಲ್ ಹೇಳುವಾಗ ಆ ನಡು ಅಳತೆಗೋಲಿನ ನಡುವಲ್ಲ, ಹದವೇ. ಹುಂಬತನಕ್ಕೂ ಹೇಡಿತನಕ್ಕೂ ನಡುವೆ ಧೈರ್ಯ, ದುಂದಿಗೂ ಜಿಪುಣತನಕ್ಕೂ ನಡುವೆ ಔದಾರ್ಯ. ಎಷ್ಟು, ಯಾವಾಗ, ಯಾರಿಗೆ ಎಂಬುದು ಪಟ್ಟಿ ನೋಡಿ ತಿಳಿಯುವುದಲ್ಲ. ಮನೆ ಕಟ್ಟುತ್ತ ಕಟ್ಟುತ್ತ ಮನೆ ಕಟ್ಟುವವರಾಗುವಂತೆ ಮಾಡಿ ಮಾಡಿಯೇ ಬರಬೇಕು ಎನ್ನುತ್ತಾನೆ. ತಣ್ಣೀರಿನಲ್ಲಿ ಪಾಕ ಹಿಡಿದು ನೋಡುವ ಬೆರಳಿಗೆ ಈ ಮಾತು ವಿವರಿಸಬೇಕಿಲ್ಲ.

ಈಗ ಹೈಡ್ರೋಸ್. ಆಲೆಮನೆಯ ಮಾತಿನಲ್ಲಿ ‘ಪೌಡರ್’, ‘ಕೆಮಿಕಲ್’. ಪೂರ್ತಿ ಹೆಸರು ಸೋಡಿಯಂ ಹೈಡ್ರೋಸಲ್ಫೈಟ್. ಇದು ಕೊಳೆ ತೆಗೆಯುವುದಿಲ್ಲ, ರುಚಿ ಕೂಡಿಸುವುದಿಲ್ಲ, ಬಣ್ಣವನ್ನು ಮಾತ್ರ ಬಿಳಿಚಿಸುತ್ತದೆ. ಮಡ್ಡಿ ಸರಿಯಾಗಿ ತೆಗೆಯದ ಪಾಕವೂ ಇದರಿಂದ ಬಂಗಾರದಂತೆ ಕಾಣುತ್ತದೆ. ಬೆಲ್ಲದಲ್ಲಿ ಗಂಧಕದ ಅಂಶ ಉಳಿಯುತ್ತದೆ, ಬಣ್ಣ ಮಾತ್ರ ಉಳಿಯುವುದಿಲ್ಲ. ಗಾಳಿ ತಾಗಿ ಕೆಲವು ವಾರಗಳಲ್ಲಿ ಮತ್ತೆ ಕಪ್ಪಿಡುತ್ತದೆ. ಡಬ್ಬಿಯಲ್ಲಿಟ್ಟ ಹಳದಿ ಬೆಲ್ಲ ಮಚ್ಚೆ ಮಚ್ಚೆಯಾಗಿ ಕಪ್ಪಾಗುತ್ತಿದ್ದರೆ ಹೈಡ್ರೋಸ್ ಇರಬಹುದೆಂದು ಮೊದಲು ಅನುಮಾನಿಸಿ.

ಇಷ್ಟಕ್ಕೆಲ್ಲ ಬೇಯಿಸುವವರನ್ನೇ ದೂರುವುದು ನ್ಯಾಯವಲ್ಲ. ಮಂಡಿಯಲ್ಲಿ ತಿಳಿ ಬಣ್ಣಕ್ಕೆ ಬೆಲೆ ಹೆಚ್ಚು, ಕಂದು ಬಣ್ಣಕ್ಕೆ ಕಡಿಮೆ. ಆ ಬೆಲೆ ಕಟ್ಟಿದ್ದು ಅಂಗಡಿಯಲ್ಲಿ ಬೆಳ್ಳಗಿನದನ್ನೇ ಆರಿಸಿಕೊಂಡ ನಮ್ಮ ಕೈ.

ಕುಶಲತೆಗೂ ಸದ್ಗುಣಕ್ಕೂ ಅರಿಸ್ಟಾಟಲ್ ಎಳೆಯುವ ಗೆರೆ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಕುಶಲ ಕೆಲಸದಲ್ಲಿ ವಸ್ತು ಚೆನ್ನಾಗಿದ್ದರೆ ಸಾಕು. ಸದ್ಗುಣಕ್ಕೆ ಅದು ಸಾಲದು: ಮಾಡುವವನಿಗೆ ತಾನು ಮಾಡುತ್ತಿರುವುದೇನೆಂದು ತಿಳಿದಿರಬೇಕು, ಅದನ್ನು ಅದಕ್ಕಾಗಿಯೇ ಆರಿಸಿಕೊಂಡಿರಬೇಕು, ಅಲುಗದ ಸ್ವಭಾವದಿಂದ ಮಾಡಿರಬೇಕು. ಅಂದಿಗೆ ಪೌಡರ್ ಮುಗಿದಿದ್ದರಿಂದ ಹಾಕದೆ ಬಿಟ್ಟ ಬೆಲ್ಲವೂ, ಎಂದಿಗೂ ಹಾಕೆನೆಂದು ಬಿಟ್ಟವರ ಬೆಲ್ಲವೂ ತಿನ್ನಲು ಒಂದೇ. ಆದರೆ ಮುಂದಿನ ತಿಂಗಳು ಮತ್ತೆ ಅಲ್ಲಿಗೇ ಹೋಗಬಹುದೇ ಎಂಬ ಪ್ರಶ್ನೆಗೆ ಉತ್ತರ ಒಂದೇ ಅಲ್ಲ. ಅದಕ್ಕೇ ಒಂದು ಉಂಡೆ ನೋಡಿ ಆಲೆಮನೆಗೆ ಅಂಕ ಕೊಡಬಾರದು. ಬೇರೆ ಬೇರೆ ತಿಂಗಳಲ್ಲಿ ಮೂರು ಸಲ ಕೊಂಡು ನೋಡಬೇಕು, ಅದರಲ್ಲೂ ಕಬ್ಬಿನ ಹಾಲು ಸಪ್ಪೆಯಾಗುವ ಮಳೆಗಾಲದಲ್ಲಿ ಒಮ್ಮೆ. ಅಡ್ಡದಾರಿ ಕರೆಯುವುದು ಆಗಲೇ.

ಆ ಅಡ್ಡದಾರಿಯ ಹೆಸರು ಸಕ್ಕರೆ. ಅಗ್ಗದ ಸಕ್ಕರೆಯನ್ನು ಕೊಪ್ಪರಿಗೆಗೆ ಸುರಿದರೆ ತೂಕ ಏರುತ್ತದೆ, ಕೂರದ ಪಾಕವೂ ಕೂರುತ್ತದೆ. ಗುರುತು ಸುಲಭ: ಅಚ್ಚು ಕಲ್ಲಿನಂತೆ ಗಟ್ಟಿ, ಒಡೆದ ಮೈಯಲ್ಲಿ ಹರಳು ಮಿನುಗುತ್ತದೆ, ಬಾಯಿಗಿಟ್ಟರೆ ಬರೀ ಸಿಹಿ, ಹಿಂದೆ ಕಬ್ಬಿನ ಪರಿಮಳ ಬರುವುದಿಲ್ಲ. ಶುದ್ಧ ಬೆಲ್ಲಕ್ಕೆ ಸಣ್ಣ ಉಪ್ಪಿನ ಎಳೆ ಇರಬಹುದು; ಅದು ಮಣ್ಣಿನಿಂದ ಬಂದದ್ದು, ದೋಷವಲ್ಲ.

ಕಲ್ಯಾಣದ ಶರಣರಲ್ಲಿ ಆಯ್ದಕ್ಕಿ ಲಕ್ಕಮ್ಮ, ಗಂಡ ಮಾರಯ್ಯ ಎಂದಿಗಿಂತ ಹೆಚ್ಚಿಗೆ ಆಯ್ದು ತಂದ ಅಕ್ಕಿಯನ್ನು ಅಲ್ಲಿಗೇ ಹಿಂದಿರುಗಿಸಲು ಹೇಳಿದಳು. ತೂಕ ಏರಿಸುವ ಸಕ್ಕರೆಯ ಮುಂದೆ ಈ ಅಕ್ಕಿ ನೆನಪಾಗದೆ ಇರದು. ಅಲ್ಲಿ ಕಳವಿರಲಿಲ್ಲ, ಯಾರಿಗೂ ಮೋಸವಾಗಿರಲಿಲ್ಲ, ಹೆಚ್ಚಾಗಿತ್ತು ಅಷ್ಟೆ. ಕಾಯಕದ ಒಳಗೇ ಅಳತೆ ಇರಬೇಕೆಂದು ಹೆಂಗಸೊಬ್ಬಳು ಅಡುಗೆಮನೆಯಿಂದ ಹೇಳಿದ ಈ ಮಾತು, ನೀತಿಶಾಸ್ತ್ರದ ಯಾವ ವ್ಯಾಖ್ಯೆಗೂ ಕಡಿಮೆಯದಲ್ಲ.

ಮನೆಯಲ್ಲಿ ಪರೀಕ್ಷಿಸುವುದಾದರೆ 50 ಗ್ರಾಂ ಬೆಲ್ಲ ಪುಡಿ ಮಾಡಿ ಒಂದು ಗಾಜಿನ ಲೋಟ ನೀರಲ್ಲಿ ಕರಗಿಸಿ ಅರ್ಧ ಗಂಟೆ ಅಲುಗಿಸದೆ ಬಿಡಿ. ತಳದಲ್ಲಿ ಸಣ್ಣ ನಾರು, ಚೂರು ಕಸ ಕೂತರೆ ಚಿಂತೆಯಿಲ್ಲ, ಸೋಸಿ ಬಳಸಿ. ಬಿಳಿ ಪುಡಿ ಕೂತು, ಅದಕ್ಕೆ ನಿಂಬೆರಸ ಹಿಂಡಿದಾಗ ಗುಳ್ಳೆ ಎದ್ದರೆ ಸೀಮೆಸುಣ್ಣ ಬಿದ್ದಿದೆ. ಹೈಡ್ರೋಸ್‌ಗೆ ನಂಬಬಹುದಾದ ಮನೆ ಪರೀಕ್ಷೆ ಇಲ್ಲ, ಪ್ರಯೋಗಾಲಯವೇ ಆಗಬೇಕು.

ಆಲೆಮನೆಗೆ ಹೋಗುವುದಾದರೆ ಒಲೆ ಉರಿಯುವ ಹೊತ್ತಿಗೆ ಹೋಗಿ. ‘ಕೆಮಿಕಲ್ ಹಾಕ್ತೀರಾ ಗೌಡ್ರೇ?’ ಎಂದು ಕೇಳಿದರೆ ‘ಇಲ್ಲ’ ಎಂಬ ಉತ್ತರವೇ ಬರುತ್ತದೆ. ಅದರ ಬದಲು ‘ಮಡ್ಡಿ ತೆಗೆಯೋಕೆ ಏನ್ ಹಾಕ್ತೀರಾ, ಬೆಂಡೆ ಎಲ್ಲಿಂದ ತರ್ತೀರಾ?’ ಎಂದು ಕೇಳಿ. ಬೆಂಡೆ ಬಳಸುವವರ ಹತ್ತಿರ ಜಜ್ಜಿದ ಕಾಂಡದ ರಾಶಿ ಪಕ್ಕದಲ್ಲೇ ಬಿದ್ದಿರುತ್ತದೆ. ಒಂದು ಸಲಕ್ಕೆ ಎರಡು ಕಿಲೋಗಿಂತ ಹೆಚ್ಚು ಬೇಡ. ಶುದ್ಧ ಬೆಲ್ಲ ಆಷಾಢದ ತೇವವನ್ನು ಬೇಗ ಎಳೆದುಕೊಂಡು ಜಿನುಗುತ್ತದೆ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.

ಬೆಲ್ಲ ಹಾಕಿದಾಗ ಹಸುವಿನ ಹಾಲು ಒಡೆದರೆ ಆ ಬೆಲ್ಲ ಕಲಬೆರಕೆ ಎಂಬ ಮಾತು ಊರೆಲ್ಲ ಇದೆ, ಅದು ಸರಿಯಲ್ಲ. ಬೆಲ್ಲದ ಹುಳಿಗೆ ಕುದಿಯುವ ಹಾಲು ಒಡೆಯುವುದುಂಟು, ಶುದ್ಧ ಬೆಲ್ಲದಲ್ಲೂ. ಪಾಯಸಕ್ಕಾದರೆ ಬೆಲ್ಲವನ್ನು ಬೇರೆ ಕರಗಿಸಿ ಸೋಸಿ, ಪಾತ್ರೆ ಒಲೆಯಿಂದ ಇಳಿಸಿ ಬಿಸಿ ತಗ್ಗಿದ ಮೇಲೆ ಸೇರಿಸಿ.