ನಾಯಿಗೆ ಉಪ್ಪುನೀರು ಕುಡಿಸಬೇಡಿ

ತಿಪಟೂರಿನ ಹತ್ತಿರ ನಮ್ಮದು ತೋಟದ ಮನೆ. ಅಟ್ಟದಲ್ಲಿ ಕೊಬ್ಬರಿ ಇರುವಷ್ಟು ದಿನವೂ ಇಲಿಗಳ ಕಾಟ. ಅಂಗಡಿಯಿಂದ ತಂದ ನೀಲಿ ಬಣ್ಣದ ಇಲಿ ಪಾಷಾಣದ ಬಿಲ್ಲೆಗಳನ್ನು ಮೂಲೆಗಳಲ್ಲಿ ಇಟ್ಟಿದ್ದೆವು. ಇಲಿಯೇ ಎಳೆದು ಬೀಳಿಸಿತ್ತೋ ಏನೋ, ಒಂದು ಮಧ್ಯಾಹ್ನ ನೋಡಿದರೆ ನಮ್ಮ ನಾಯಿ ಚಿನ್ನಿ ಅದನ್ನು ಕಡಿಯುತ್ತಿದ್ದಳು. ನಾಲಿಗೆಯೆಲ್ಲ ನೀಲಿ.

"ಬೇಗ ಉಪ್ಪುನೀರು ಕುಡಿಸಪ್ಪ, ಎಲ್ಲ ಕಕ್ಕಿಬಿಡುತ್ತದೆ" ಎಂದರು ದೊಡ್ಡಮ್ಮ. ನಾನೇ ಅವಳ ಬಾಯಿ ಅಗಲಿಸಿ ಹಿಡಿದೆ. ಅಮ್ಮ ಚೊಂಬಿನ ನೀರಿಗೆ ಮೂರು ದೊಡ್ಡ ಚಮಚ ಉಪ್ಪು ಕದಡಿ ಹುಯ್ದರು. ಒಂದಿಷ್ಟು ನೊರೆ, ಎರಡು ನೀಲಿ ಚೂರು ಹೊರಬಂದವು. ಸಾಲದೆಂದು ಮತ್ತೊಂದು ಚೊಂಬು ಕುಡಿಸಿದೆವು. ಅದು ಹೊರಗೆ ಬರಲೇ ಇಲ್ಲ. ನಂಜು ಇಳಿಯಲೆಂದು ಹಾಲನ್ನೂ ಹಾಕಿದೆವು.

ಆಮೇಲೆ ಅವಳು ಬೋಗುಣಿಯ ನೀರನ್ನು ಮತ್ತೆ ಮತ್ತೆ ಖಾಲಿ ಮಾಡಿದಳು. ಚೇತರಿಸಿಕೊಳ್ಳುತ್ತಿದ್ದಾಳೆ ಎಂದೇ ನಾವು ನಂಬಿದೆವು. ಕತ್ತಲಾಗುವ ಹೊತ್ತಿಗೆ ಹಿಂಗಾಲು ತೊಡರತೊಡಗಿತು, ಕಿವಿಯ ತುದಿಗಳು ಅದುರಿದವು, ನಂತರ ಮೈಯೆಲ್ಲ ಸೆಟೆದುಕೊಂಡಿತು. ಆಗ ಕಾರು ಹೊರಡಿಸಿದೆವು.

ಪಶುವೈದ್ಯರು ಮೊದಲು ಕೇಳಿದ್ದು ಪಾಷಾಣದ ಪೊಟ್ಟಣವನ್ನು. ಓದಿ ನೋಡಿ, "ಇದು ಬ್ರೊಮಾಡಿಯೋಲೋನ್. ಇಷ್ಟು ಬೇಗ ಹೀಗೆ ಆಗುವುದಿಲ್ಲವಲ್ಲ, ಮನೆಯಲ್ಲಿ ಏನು ಕೊಟ್ಟಿರಿ?" ಎಂದರು. ಅದು ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆ ಕೆಲಸ ಮಾಡದಂತೆ ತಡೆಯುವ ವಿಷ. ರಕ್ತಸ್ರಾವ ಶುರುವಾಗಲು ಸಾಮಾನ್ಯವಾಗಿ 3ರಿಂದ 5 ದಿನ ಬೇಕು. ತಿಂದ ಕೂಡಲೇ ಕರೆತಂದಿದ್ದರೆ ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸಿ, ಕೆಲವು ವಾರ ವಿಟಮಿನ್ ಕೆ1 ಮಾತ್ರೆ ಕೊಡಬಹುದಿತ್ತು. ಉಪ್ಪು ಅಷ್ಟು ಕಾಯುವುದಿಲ್ಲ. ರಕ್ತದಲ್ಲಿ ಸೋಡಿಯಂ ಏರಿದರೆ ಮಿದುಳಿನ ಜೀವಕೋಶಗಳಿಂದ ನೀರು ಹೊರಗೆ ಸೆಳೆಯಲ್ಪಡುತ್ತದೆ. ನಾಯಿಯ ತೂಕದ ಪ್ರತಿ ಕಿಲೋಗೆ ಸುಮಾರು 2 ಗ್ರಾಂ ಉಪ್ಪು ಸೇರಿದರೆ ತೊಂದರೆ, 4 ಗ್ರಾಂ ಸೇರಿದರೆ ಜೀವಕ್ಕೇ ಅಪಾಯ. ಚಿನ್ನಿಯ ತೂಕ 9 ಕಿಲೋ. ಒಂದು ದೊಡ್ಡ ಚಮಚ ಉಪ್ಪು 15 ಗ್ರಾಂಗೂ ಹೆಚ್ಚು ತೂಗುತ್ತದೆ. ನಾವು ಹಾಕಿದ್ದು ಆರು ಚಮಚ.

ಬೆಳಗಿನ ಜಾವ ಅವಳು ಹೋದಳು.

ಎಲ್ಲ ಪಾಷಾಣವೂ ಒಂದೇ ಬಗೆಯದಲ್ಲ ಎಂಬುದೂ ಅಂದೇ ತಿಳಿಯಿತು. ಹೊಲಗದ್ದೆಗಳಲ್ಲಿ ಬಳಸುವ ಕಪ್ಪು ಪುಡಿ, ಜಿಂಕ್ ಫಾಸ್ಫೈಡ್, ಹೊಟ್ಟೆಯ ಆಮ್ಲ ತಾಗಿದರೆ ವಿಷಾನಿಲವಾಗುತ್ತದೆ. ಅನ್ನ ಹಾಕಿದರೆ ಆಮ್ಲ ಇನ್ನೂ ಹೆಚ್ಚುತ್ತದೆ. ಅದಕ್ಕೆ ಪ್ರತಿವಿಷವೂ ಇಲ್ಲ. ಅಂಥ ನಾಯಿ ಕಕ್ಕಿದ ಜಾಗದಲ್ಲಿ ನಾವು ಉಸಿರಾಡುವುದೂ ಅಪಾಯ, ಕಿಟಕಿ ಬಾಗಿಲು ತೆರೆದು ದೂರ ಸರಿಯಿರಿ. ಆ್ಯಸಿಡ್ ನೆಕ್ಕಿದ್ದರೆ ವಾಂತಿ ಮಾಡಿಸಿದಾಗ ಗಂಟಲು ಎರಡನೆಯ ಸಲ ಸುಡುತ್ತದೆ. ಸೀಮೆಎಣ್ಣೆ ವಾಂತಿಯ ಜೊತೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಬಲವಂತವಾಗಿ ಹುಯ್ಯುವ ತುಪ್ಪ, ಕೊಬ್ಬರಿ ಎಣ್ಣೆಯೂ ಹಾಗೆಯೇ.

ಆದ್ದರಿಂದ ದಯವಿಟ್ಟು ಬಾಯಿಗೆ ಏನನ್ನೂ ಹಾಕಬೇಡಿ. ಪೊಟ್ಟಣ ಕೈಯಲ್ಲಿ ಹಿಡಿದು ಹೊರಡಿ, ದಾರಿಯಲ್ಲೇ ವೈದ್ಯರಿಗೆ ಫೋನ್ ಮಾಡಿ, ಎಷ್ಟು ತಿಂದಿತು, ಯಾವಾಗ ತಿಂದಿತು, ತೂಕ ಎಷ್ಟು ಎಂದು ಹೇಳಿ.

ನಮ್ಮ ಪೊಟ್ಟಣದ ಹಿಂಬದಿಯಲ್ಲೇ, ಸಣ್ಣ ಅಕ್ಷರಗಳಲ್ಲಿ, ಪ್ರತಿವಿಷ ವಿಟಮಿನ್ ಕೆ1 ಎಂದು ಅಚ್ಚಾಗಿತ್ತು. ನಾನು ಅದನ್ನು ಓದಿದ್ದು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು.