ಚೀನೀ ಭಾಷೆಯ ಹೋಂವರ್ಕ್: ಚೌಕದ ನೋಟ್‌ಬುಕ್ಕೋ, ಆ್ಯಪೋ, ವಾಯ್ಸ್ ರೆಕಾರ್ಡಿಂಗೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು 40 ರೂಪಾಯಿಯ ಚೌಕದ ನೋಟ್‌ಬುಕ್ಕಿಗೆ. ಮಕ್ಕಳು ಲೆಕ್ಕ ಮಾಡುತ್ತಾರಲ್ಲ, ಅದೇ ಪುಸ್ತಕ. ಒಂದು ಆ್ಯಪಿಗೆ ವರ್ಷದ ಚಂದಾ 4,000 ರೂಪಾಯಿ ಕಟ್ಟಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ನಾನು ಪೀಣ್ಯದಲ್ಲಿ ಮಷೀನ್ ಬಿಡಿಭಾಗಗಳ ಖರೀದಿ ನೋಡಿಕೊಳ್ಳುವವನು. ಮಾಲು ಬರುವುದು ಚೀನಾದಿಂದ. ಅಲ್ಲಿಯವರ ಜೊತೆ ನೇರವಾಗಿ ಮಾತಾಡಬೇಕು ಅಂತ ಒಂದೂವರೆ ವರ್ಷದ ಹಿಂದೆ ಆನ್‌ಲೈನ್ ಕ್ಲಾಸಿಗೆ ಸೇರಿದೆ. ಚೀನೀ ಭಾಷೆಯಲ್ಲಿ ಟೀಚರನ್ನು ಲಾವೋಶಿ ಅನ್ನುತ್ತಾರೆ. ನಮ್ಮ ಲಾವೋಶಿ ವಾರಕ್ಕೆ 20 ಅಕ್ಷರ ಕೊಡುತ್ತಾರೆ. ಹೇಗೆ ಕಲಿಯುತ್ತೀರೋ ನಿಮಗೆ ಬಿಟ್ಟಿದ್ದು, ಆದರೆ ಕೈಯಲ್ಲಿ ಬರೆದು ಫೋಟೋ ಕಳಿಸಬೇಕು. ಹಾಗಾಗಿ ಮೂರು ದಾರಿಯನ್ನೂ ಹಿಡಿದು ನೋಡಿದೆ.

ಆ್ಯಪ್ ಶುರುವಿನಲ್ಲಿ ತುಂಬಾ ಹಿಡಿಸಿತು. ಮರೆಯುವ ಹೊತ್ತಿಗೆ ಸರಿಯಾಗಿ ಅದೇ ಅಕ್ಷರದ ಕಾರ್ಡ್ ಮತ್ತೆ ಮುಂದೆ ಬರುತ್ತದೆ. ಮೆಟ್ರೋದಲ್ಲಿ ನಿಂತುಕೊಂಡೇ 30 ಕಾರ್ಡ್ ಮುಗಿಸಬಹುದು. ಬೆರಳಲ್ಲಿ ಬರೆಯುವ ಅಭ್ಯಾಸವೂ ಇದೆ. ಆದರೆ ಅಲ್ಲಿ ಗೆರೆಯನ್ನು ಸುಮಾರಾಗಿ ಎಳೆದರೂ ಸಾಕು, ಆ್ಯಪ್ ತಾನೇ ಅದನ್ನು ತಿದ್ದಿ ಚಂದ ಮಾಡಿ ಕೂರಿಸುತ್ತದೆ. ಬರೆದದ್ದು ನಾನೇ ಅಂದುಕೊಂಡಿದ್ದೆ. ಕಾಗದದ ಮುಂದೆ ಕೂತಾಗ ಅರ್ಧಕ್ಕರ್ಧ ಅಕ್ಷರ ಕೈಗೆ ಬರಲಿಲ್ಲ.

ಅದಕ್ಕಿಂತ ದೊಡ್ಡ ಕಿರಿಕಿರಿ ಫಾಂಟಿನದು. ಒಂದು ವಾರ ಲ್ಯಾಪ್‌ಟಾಪಿನಲ್ಲಿ ಕಾರ್ಡ್ ತೆರೆದಿಟ್ಟುಕೊಂಡು, ನೋಡಿ ನೋಡಿ ಮೂರು ಪುಟ ಬರೆದೆ. ಲಾವೋಶಿ ಎರಡು ಅಕ್ಷರಗಳ ಮೇಲೆ ಸಾಲು ಸಾಲಾಗಿ ಕೆಂಪು ಗೆರೆ ಎಳೆದು ವಾಪಸ್ ಕಳಿಸಿದರು. ಒಂದು 'ನೇರ' ಅನ್ನುವ ಅರ್ಥದ್ದು, ಇನ್ನೊಂದು 'ಮೂಳೆ'. ನಾನು ಕಂಡದ್ದನ್ನು ಕಂಡ ಹಾಗೇ ಬರೆದಿದ್ದೆ. ತಪ್ಪು ಎಲ್ಲಿ ಅಂತ ಎರಡು ವಾರ ತಿಳಿಯಲಿಲ್ಲ.

ಆಮೇಲೆ ಗೊತ್ತಾಯಿತು, ನಾನು ಬರೆದದ್ದು ಜಪಾನಿನ ರೂಪ. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಪದ್ಧತಿಗೆ ಯೂನಿಕೋಡ್ ಅನ್ನುತ್ತಾರೆ. ಅದರಲ್ಲಿ ಚೀನಾದ ಅಕ್ಷರಕ್ಕೂ ಜಪಾನಿನ ಅಕ್ಷರಕ್ಕೂ ಎಷ್ಟೋ ಕಡೆ ಒಂದೇ ಸಂಖ್ಯೆ. ತೆರೆಯ ಮೇಲೆ ಯಾವ ರೂಪ ಕಾಣಬೇಕು ಅನ್ನುವುದು ಫಾಂಟಿನ ಕೈಯಲ್ಲಿರುತ್ತದೆ. 'ನೇರ' ಅನ್ನುವ ಅಕ್ಷರವನ್ನು ಚೀನಾದಲ್ಲಿ ಬರೆಯುವಾಗ ಪೆಟ್ಟಿಗೆಯೊಂದು ಉದ್ದನೆಯ ಅಡ್ಡಗೆರೆಯ ಮೇಲೆ ಕೂತಿರುತ್ತದೆ. ಜಪಾನಿನದರಲ್ಲಿ ಎಡಗಡೆ ಇಳಿದು ಬಲಕ್ಕೆ ತಿರುಗುವ ಒಂದೇ ಗೆರೆ. 'ಮೂಳೆ'ಯ ಒಳಗಿನ ಪುಟ್ಟ ಚೌಕ ಚೀನಾದಲ್ಲಿ ಎಡಕ್ಕೆ, ಜಪಾನಿನಲ್ಲಿ ಬಲಕ್ಕೆ. ಗೆರೆಗಳ ಲೆಕ್ಕವೂ ಬೇರೆ, ಚೀನಾದಲ್ಲಿ 9, ಜಪಾನಿನಲ್ಲಿ 10. ಕಲಿಯುವವನಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ದುಡ್ಡು ತೆಗೆದುಕೊಂಡು ಚೀನೀ ಕಲಿಸುವ ಆ್ಯಪ್ ಇಷ್ಟು ನೋಡಿಕೊಳ್ಳಬೇಕಿತ್ತು ಅಲ್ವಾ? ದೂರು ಬರೆದೆ, 'ನಿಮ್ಮ ಸಾಧನದ ಸೆಟ್ಟಿಂಗ್ ನೋಡಿ' ಅಂತ ಒಂದು ಸಾಲಿನ ಉತ್ತರ ಬಂತು. ಕೊನೆಗೆ ಲ್ಯಾಪ್‌ಟಾಪಿನ, ಬ್ರೌಸರಿನ ಭಾಷೆಗಳ ಪಟ್ಟಿಗೆ ಸರಳೀಕೃತ ಚೀನೀ, ಅಂದರೆ ಈಗ ಚೀನಾದಲ್ಲಿ ಬರೆಯುವ ರೂಪ, ಸೇರಿಸಿದ ಮೇಲೆ ಸರಿಹೋಯಿತು. ನೀವೂ ಇವೆರಡು ಅಕ್ಷರ ತೆರೆದು ಒಮ್ಮೆ ನೋಡಿಕೊಳ್ಳಿ. ಕಲಿತ ಕೈಯನ್ನು ತಿದ್ದುವುದು ಹೊಸದಾಗಿ ಕಲಿಯುವುದಕ್ಕಿಂತ ಕಷ್ಟ.

ಇನ್ನು ನೋಟ್‌ಬುಕ್. ಚೀನಾದ ಮಕ್ಕಳು ಬರೆಯುವ ಪುಸ್ತಕದಲ್ಲಿ ಪ್ರತಿ ಚೌಕದ ನಡುವೆ ಅಡ್ಡ, ಉದ್ದ ಎರಡು ಗೆರೆ ಇರುತ್ತವೆ. ಅವರ ಅಕ್ಷರಗಳಲ್ಲಿ 'ಹೊಲ' ಅನ್ನುವುದರ ಆಕಾರವೂ ಅದೇ, ಪುಸ್ತಕದ ಚೌಕಕ್ಕೆ ಹೆಸರು ಬಂದದ್ದೂ ಅದರಿಂದಲೇ. ಅಂಥದ್ದನ್ನೇ ಹುಡುಕಿ ತರಿಸಬೇಕಿಲ್ಲ. ನಮ್ಮ ಲೆಕ್ಕದ ಪುಸ್ತಕದಲ್ಲಿ ನಾಲ್ಕು ಚೌಕ ಸೇರಿಸಿ ಒಂದು ಅಕ್ಷರಕ್ಕೆ ಬಿಟ್ಟರೆ ಆಯಿತು, ನಡುವಿನ ಗೆರೆ ತಾನಾಗೇ ಸಿಗುತ್ತದೆ. ಯಾವ ಗೆರೆ ಎಲ್ಲಿ ಶುರುವಾಗಿ ಎಲ್ಲಿ ನಿಲ್ಲಬೇಕು ಅಂತ ಆಗ ಕಣ್ಣಿಗೆ ಕಾಣುತ್ತದೆ. ಎರಡು ಅಡ್ಡಗೆರೆಯಲ್ಲಿ ಕೆಳಗಿನದು ಉದ್ದ ಇದ್ದರೆ 'ಮಣ್ಣು', ಮೇಲಿನದು ಉದ್ದ ಇದ್ದರೆ 'ವಿದ್ವಾಂಸ'. ಆ್ಯಪಿನಲ್ಲಿ ಈ ವ್ಯತ್ಯಾಸ ನನ್ನ ಕಣ್ಣು ತಪ್ಪಿಸಿಕೊಂಡು ಹೋಗುತ್ತಿತ್ತು. ಚೌಕದಲ್ಲಿ ಒಂದು ಸಲ ತಪ್ಪಿದ ಮೇಲೆ ಮತ್ತೆ ತಪ್ಪಿಲ್ಲ.

ಚಿಕ್ಕಂದಿನಲ್ಲಿ ದಿನಕ್ಕೊಂದು ಪುಟ ಕಾಪಿ ಬರೆಯುತ್ತಿದ್ದೆವಲ್ಲ, ಆ ಅಭ್ಯಾಸ ಕೈಗೆ ಇನ್ನೂ ನೆನಪಿದೆ. ಬೆಳಗ್ಗೆ ಆರಕ್ಕೆ ಎದ್ದು, ಕಾಫಿ ಕುಡಿಯುತ್ತಾ ಒಂದು ಪುಟ. ಒಂದೇ ಅಕ್ಷರವನ್ನು ಸುಮ್ನೆ ಐವತ್ತು ಸಲ ಬರೆಯುವುದಿಲ್ಲ, ಹತ್ತು ಸಾಕು. ಆಮೇಲೆ ಪುಸ್ತಕ ಮುಚ್ಚಿ ಒಂದು ಸಲ ನೆನಪಿನಿಂದ ಬರೆಯುತ್ತೇನೆ. ನಿಜವಾದ ಕಲಿಕೆ ಆ ಒಂದು ಸಲದಲ್ಲೇ ಇದೆ.

ವಾಯ್ಸ್ ರೆಕಾರ್ಡಿಂಗ್ ಬಿಡಬೇಡಿ, ಅದಕ್ಕೆ ದುಡ್ಡೂ ಬೇಕಿಲ್ಲ. ವಾರಕ್ಕೆರಡು ಸಲ ಐದು ವಾಕ್ಯ ಓದಿ ಕಳಿಸುತ್ತೇನೆ. 'ಮೈ' ಅನ್ನುವುದನ್ನು ದನಿ ತಗ್ಗಿಸಿ ಎತ್ತಿದರೆ 'ಕೊಳ್ಳು', ಮೇಲಿನಿಂದ ಥಟ್ಟನೆ ಇಳಿಸಿದರೆ 'ಮಾರು'. ಖರೀದಿ ಕೆಲಸದವನಿಗೆ ಇದು ಎಷ್ಟು ಮುಖ್ಯ ಅಂತ ಬೇರೆ ಹೇಳಬೇಕಿಲ್ಲ. ನಾನು ಕಳಿಸಿದ ಮೊದಲ ರೆಕಾರ್ಡಿಂಗಿನಲ್ಲಿ ನೂರು ಬೇರಿಂಗ್ ಕೊಳ್ಳುವ ಬದಲು ಮಾರಿಬಿಟ್ಟಿದ್ದೆ. ಬರವಣಿಗೆಯಲ್ಲೂ ಇವೆರಡು ಅಣ್ಣತಮ್ಮಂದಿರು. 'ಕೊಳ್ಳು' ಮೇಲೆ 'ಹತ್ತು' ಅನ್ನುವ ಅಕ್ಷರ ಕೂರಿಸಿದರೆ 'ಮಾರು'. ಕನ್ನಡದವರಿಗೆ ಒಂದು ಅನುಕೂಲವೂ ಇದೆ. ಬೀಜಿಂಗ್ ಅನ್ನುವಾಗ ಅವರ ಮೊದಲ ಸದ್ದು ನಮ್ಮ 'ಪ'ಕ್ಕೆ ಹತ್ತಿರ. ಅಲ್ಪಪ್ರಾಣ, ಮಹಾಪ್ರಾಣ ಕಲಿತ ಕಿವಿಗೆ ಇದು ಬೇಗ ಸಿಗುತ್ತದೆ.

ಟೈಪ್ ಮಾಡುವ ಹೋಂವರ್ಕ್ ಒಂದು ವಾರ ಮಾಡಿ ಬಿಟ್ಟೆ. ಉಚ್ಚಾರ ಒತ್ತಿದರೆ ಅಕ್ಷರ ತಾನೇ ಬರುತ್ತದೆ, ನಾವು ಆರಿಸುವುದು ಅಷ್ಟೇ.

ಎಚ್‌ಎಸ್‌ಕೆ ಅನ್ನುವ ಚೀನೀ ಭಾಷಾ ಪರೀಕ್ಷೆ ಮಾತ್ರ ಗುರಿ ಅನ್ನುವವರಿಗೆ ಆ್ಯಪ್ ಸಾಕಾಗಬಹುದು. ಹಳೆಯ ಆರು ಹಂತದ ಪಟ್ಟಿಯಲ್ಲಿ ಮೊದಲ ಹಂತಕ್ಕೆ 150 ಪದ, ಎರಡನೆಯದಕ್ಕೆ 300, ಅಷ್ಟರವರೆಗೆ ಬರವಣಿಗೆಯನ್ನೇ ಕೇಳುತ್ತಿರಲಿಲ್ಲ. ಬೆಳಗ್ಗೆ ಕೂರಲು ಆಗದವರಿಗೂ, ಓಡಾಟ ಜಾಸ್ತಿ ಇರುವವರಿಗೂ ಅದೇ ಸರಿ. ನನಗೆ ಮೇಜಿದೆ, ಬೆಳಗಿನ ಅರ್ಧ ಗಂಟೆ ಇದೆ. ಚಂದಾ ಮುಂದಿನ ತಿಂಗಳು ಮುಗಿಯುತ್ತದೆ, ಮತ್ತೆ ಕಟ್ಟುವುದಿಲ್ಲ. ಮೊನ್ನೆ ಅಂಗಡಿಯಿಂದ ಆರು ನೋಟ್‌ಬುಕ್ ಒಟ್ಟಿಗೆ ತಂದಿಟ್ಟಿದ್ದೇನೆ. ಮೊದಲನೆಯದರ ಮೊದಲ ಪುಟದಲ್ಲಿ 'ನೇರ'ವನ್ನೂ 'ಮೂಳೆ'ಯನ್ನೂ ಹತ್ತತ್ತು ಸಲ ಬರೆದು ಕಳಿಸಿದೆ. ಈ ಸಲ ಕೆಂಪು ಗೆರೆ ಬರಲಿಲ್ಲ.