16 ಲೀಟರಿನ ಬ್ಯಾಟರಿ ಸ್ಪ್ರೇಯರ್: ಒಂದು ಹಂಗಾಮಿನ ಬಳಕೆಯ ನಂತರ

ಕಳೆದ ಮುಂಗಾರಿನಲ್ಲಿ ಮೆಕ್ಕೆಜೋಳಕ್ಕೆ ಕಳೆನಾಶಕ ಹೊಡೆಯಲೆಂದು ದಾವಣಗೆರೆಯಲ್ಲಿ ಕೊಂಡ ಈ ಸ್ಪ್ರೇಯರನ್ನು ಹಂಗಾಮು ಪೂರ್ತಿ ಬಳಸಿದ್ದೇನೆ. ಇದರ 12 ವೋಲ್ಟಿನ ಬ್ಯಾಟರಿ ಒಮ್ಮೆ ಚಾರ್ಜ್ ಮಾಡಿದರೆ ಒಂದು ಎಕರೆಯನ್ನು ನಿರಾತಂಕವಾಗಿ ಮುಗಿಸುತ್ತದೆ; ಕೈಪಂಪು ಒತ್ತಿ ಒತ್ತಿ ಭುಜ ಸೋತವರಿಗೆ ಇದೇ ದೊಡ್ಡ ಉಪಕಾರ.

ಆದರೆ ಎಕರೆಗೆ ಎಷ್ಟು ನೀರು ಹಿಡಿಯುತ್ತದೆಂದು ತಿಳಿಯುವ ಬಗೆಯನ್ನು ಕೈಪಿಡಿ ಹೇಳುವುದಿಲ್ಲ. ನಾನು ಒಂದು ಗುಂಟೆ ಅಳೆದು, ಬರೀ ನೀರು ತುಂಬಿ, ನನ್ನ ಎಂದಿನ ನಡಿಗೆಯಲ್ಲಿ ಸಿಂಪಡಿಸಿ ನೋಡಿದಾಗ 5 ಲೀಟರ್ ಖರ್ಚಾಯಿತು. ಅಂದರೆ ಎಕರೆಗೆ 200 ಲೀಟರ್, ಹನ್ನೆರಡೂವರೆ ಟ್ಯಾಂಕು. ಲೇಬಲ್ಲಿನಲ್ಲಿ ಎಕರೆಗೆ ಸೂಚಿಸಿದ ಪ್ರಮಾಣವನ್ನು ಈ ಹನ್ನೆರಡೂವರೆಯಿಂದ ಭಾಗಿಸಿದ ಮೇಲೆಯೇ ಟ್ಯಾಂಕಿನ ಲೆಕ್ಕ ಸಿಕ್ಕಿತು. ‘ಟ್ಯಾಂಕಿಗೆ ಎರಡು ಮುಚ್ಚಳ ಹಾಕಿ, ಸಾಕು’ ಎಂದಿದ್ದ ಅಂಗಡಿಯವರಿಗೆ ನನ್ನ ನಡಿಗೆಯ ವೇಗ ಗೊತ್ತಿರಲಿಲ್ಲ.

ಜೊತೆಗೆ ಬಂದ ನಾಜಲ್‌ಗಳಲ್ಲಿ ಬೀಸಣಿಗೆಯಂತೆ ಚಪ್ಪಟೆಯಾಗಿ ಚಿಮ್ಮುವುದೇ ಕಳೆನಾಶಕಕ್ಕೆ ತಕ್ಕದ್ದು. ಅದನ್ನು ಅತ್ತಿತ್ತ ಬೀಸದೆ ಒಂದೇ ಎತ್ತರದಲ್ಲಿ ಹಿಡಿದು ನೇರವಾಗಿ ನಡೆದರೆ ಪಟ್ಟಿ ಸಮನಾಗಿ ಬೀಳುತ್ತದೆ. ಮಂಜಿನಂತೆ ಹರಡುವ ಶಂಕುವಿನಾಕಾರದ ನಾಜಲ್ ಕೀಟನಾಶಕಕ್ಕೆ ಸರಿ, ಆದರೆ ಅದರ ಸಣ್ಣ ಹನಿಗಳು ಗಾಳಿಗೆ ಪಕ್ಕದ ಹೊಲ ಸೇರುತ್ತವೆ.

ಒಳಗೆ ಕಲಕುವ ವ್ಯವಸ್ಥೆಯಿಲ್ಲದಿರುವುದು ನಿಜವಾದ ಕೊರತೆ. ಬಿತ್ತನೆಯ ಮಾರನೆಯ ದಿನ ಅಟ್ರಾಜಿನ್ ಎಂಬ ಕಳೆನಾಶಕದ ಪುಡಿಯನ್ನು ನೇರವಾಗಿ ಟ್ಯಾಂಕಿಗೆ ಸುರಿದಾಗ ಜಾಲರಿ ಕಟ್ಟಿಕೊಂಡು, ತಳದಲ್ಲಿ ಬಿಳಿ ಗಸಿ ಉಳಿಯಿತು. ಮುಂದೆ ಬಕೆಟ್ಟಿನಲ್ಲಿ ಸ್ವಲ್ಪ ನೀರಿಗೆ ಕಲಸಿ, ಸೋಸಿ ಹಾಕಿ, ನಡುನಡುವೆ ಬೆನ್ನ ಮೇಲಿನ ಟ್ಯಾಂಕನ್ನು ಅಲುಗಾಡಿಸುತ್ತ ಹೊಡೆದೆ.

ಇನ್ನೊಂದು ದೋಷ ಮುಚ್ಚಳದ ವಾಷರಿನದು. ಒಮ್ಮೆ ಬಗ್ಗಿದಾಗ ದ್ರಾವಣ ಸೋರಿ ಬೆನ್ನಿಗಿಳಿಯಿತು. ಕೆಲಸ ನಿಲ್ಲಿಸಿ, ಅಂಗಿ ಕಳಚಿ, ಸೋಪು ಹಚ್ಚಿ ತೊಳೆದುಕೊಳ್ಳಬೇಕಾಯಿತು. ಬೇರೆ ವಾಷರ್ ಹಾಕಿದ ಮೇಲೆ ಸೋರಿಲ್ಲ. ಉಚಿತವೆಂದು ಕೊಟ್ಟ ಬಟ್ಟೆಯ ಕೈಗವಸು ವಿಷವನ್ನು ಹೀರಿ ಚರ್ಮಕ್ಕೇ ಒತ್ತಿಹಿಡಿಯುವಂಥದ್ದು, ಬರಿಗೈಗಿಂತ ಕೇಡು. ನೈಟ್ರೈಲ್ ಎಂಬ ಕೃತಕ ರಬ್ಬರಿನ ಗವಸು ಮತ್ತು ಕನ್ನಡಕವನ್ನು ಬೇರೆಯಾಗಿಯೇ ಕೊಳ್ಳಬೇಕು.

ವಾಷರ್ ಬದಲಿಸಿಕೊಳ್ಳುವುದಾದರೆ ಈ ಯಂತ್ರವನ್ನು ಕೊಳ್ಳಬಹುದು, ಆದರೆ ಎಲ್ಲ ಕೆಲಸಕ್ಕೂ ಇದೊಂದೇ ಸಾಕೆಂಬ ಅಂಗಡಿಯ ಮಾತನ್ನು ನಾನು ಒಪ್ಪುವುದಿಲ್ಲ. ಟ್ಯಾಂಕಿನಲ್ಲಿ ಉಳಿದ ಸ್ವಲ್ಪ 2,4-ಡಿ ಕಳೆನಾಶಕ ಕೂಡ ಹತ್ತಿಯ ಎಲೆಯನ್ನು ಮುರುಟಿಸಬಲ್ಲದು. ಕೀಟನಾಶಕಕ್ಕೆ ಹಳೆಯ ಕೈಪಂಪನ್ನೇ ಉಳಿಸಿಕೊಂಡು, ಇದರ ಮೈಮೇಲೆ ಕೆಂಪು ಬಣ್ಣದಲ್ಲಿ ‘ಕಳೆಗೆ ಮಾತ್ರ’ ಎಂದು ಬರೆದಿಟ್ಟಿದ್ದೇನೆ.